ಎರಡು ಡಿ.ಸಿ. ಮೋಟಾರುಗಳಿಗೊಂದು ಚಾಲಕ ಫಲಕ

1925ರ ಫೆಬ್ರುವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. 1500 ವೋಲ್ಟಿನ ಏಕಮುಖ ವಿದ್ಯುತ್ತು, ಅಂದರೆ ಡಿ.ಸಿ., ಆ ನಗರದ ಲೋಕಲ್ ಗಾಡಿಗಳನ್ನು 2016ರ ಏಪ್ರಿಲ್‌ವರೆಗೂ ಎಳೆಯಿತು. ಹಳೆಯ ಗಾಡಿಗಳು ಹೊರಡುವಾಗ ಮೋಟಾರುಗಳನ್ನು ಸರಣಿಯಾಗಿ ಜೋಡಿಸಿ, ನಡುವೆ ರೋಧಗಳನ್ನೂ ಸೇರಿಸಲಾಗುತ್ತಿತ್ತು. ವೇಗ ಏರಿದಂತೆ ಅವನ್ನು ಒಂದೊಂದಾಗಿ ಕಳಚಲಾಗುತ್ತಿತ್ತು. ನಿಂತ ಮೋಟಾರು ಬರಿಯ ತಂತಿಯ ಸುರುಳಿ. ತಿರುಗತೊಡಗಿದ ಮೇಲಷ್ಟೇ ಅದರಲ್ಲಿ ಎದುರು ವೋಲ್ಟೇಜ್ ಹುಟ್ಟಿ ಪ್ರವಾಹಕ್ಕೆ ತಡೆಯೊಡ್ಡುತ್ತದೆ.

ವಿದ್ಯಾರ್ಥಿಗಳು ರಚಿಸುವ ಎರಡು ಚಕ್ರದ ಪುಟ್ಟ ಯಂತ್ರಮಾನವನಿಗೂ ಇದೇ ನಿಯಮ ಅನ್ವಯಿಸುತ್ತದೆ. ಚಕ್ರ ಗೋಡೆಗೆ ತಾಗಿ ನಿಂತೊಡನೆ ಫಲಕ ಸುಟ್ಟುಹೋಗುವುದು ಈ ಲೆಕ್ಕವನ್ನು ಮರೆತದ್ದರಿಂದಲೇ.

ಆದುದರಿಂದ ವಿನ್ಯಾಸವು ಮೋಟಾರಿನಿಂದ ಆರಂಭವಾಗಬೇಕು. ಅಚ್ಚನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸುರುಳಿಯ ರೋಧವನ್ನು ಮೀಟರಿನಿಂದ ಹಲವು ಬಾರಿ ಅಳೆದು, ಬಂದ ಅತಿ ಕಡಿಮೆ ಸಂಖ್ಯೆಯನ್ನು ಹಿಡಿಯಬೇಕು. ಗ್ರ್ಯಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಎಲ್293ಡಿ ಎಂಬ ಹದಿನಾರು ಕಾಲಿನ ಚಿಪ್ಪು ಒಂದೊಂದು ಮಾರ್ಗದಲ್ಲಿ 0.6 ಆಂಪಿಯರನ್ನು ಸತತವಾಗಿ ತಾಳಬಲ್ಲದು. ಚಿಪ್ಪಿನೊಳಗೇ ಸುಮಾರು 2.5 ವೋಲ್ಟ್ ನಷ್ಟವಾಗುವುದರಿಂದ 12 ವೋಲ್ಟಿನ ಬ್ಯಾಟರಿಯಿಂದ ಮೋಟಾರಿಗೆ ದಕ್ಕುವುದು 9.5 ವೋಲ್ಟ್. ರೋಧವು 20 ಓಮ್ ಆದರೆ, ನಿಂತ ಮೋಟಾರಿನಲ್ಲಿ ಹರಿಯುವ ಪ್ರವಾಹ 0.475 ಆಂಪಿಯರ್, ಚಿಂತೆಯಿಲ್ಲ. 6 ಓಮ್ ಆದರೆ 1.6 ಆಂಪಿಯರಿನಷ್ಟಾಗುತ್ತದೆ, ಆಗ 2 ಆಂಪಿಯರಿನ ಎಲ್298 ಬೇಕು. ಆದರೆ ಅದರೊಳಗೆ ರಕ್ಷಣೆಯ ಡಯೋಡುಗಳಿಲ್ಲ. ಹೊರಗೆ ಎಂಟನ್ನು ಜೋಡಿಸಬೇಕು. ಎಲ್293 ಕೊಳ್ಳುವಾಗಲೂ ಹೆಸರಿನ ಕೊನೆಯ 'ಡಿ' ಅಕ್ಷರವನ್ನು ನೋಡಿಯೇ ಕೊಳ್ಳತಕ್ಕದ್ದು. ಡಯೋಡುಗಳು ಒಳಗಿವೆಯೆಂಬುದಕ್ಕೆ ಆ ಅಕ್ಷರವೇ ಗುರುತು. ಅವಿಲ್ಲದಿದ್ದರೆ, ಪ್ರವಾಹ ಕಡಿದಾಗ ಸುರುಳಿಯಲ್ಲಿ ಚಿಮ್ಮುವ ವೋಲ್ಟೇಜ್ ಚಿಪ್ಪನ್ನು ಕೊಲ್ಲುತ್ತದೆ.

ಮೋಟಾರು ಎರಡೂ ದಿಕ್ಕಿಗೆ ತಿರುಗಲು ನಾಲ್ಕು ಸ್ವಿಚ್ಚುಗಳು ಬೇಕು. ಕರ್ಣರೇಖೆಯ ಒಂದು ಜೋಡಿ ಮುಂದಕ್ಕೆ, ಇನ್ನೊಂದು ಜೋಡಿ ಹಿಂದಕ್ಕೆ. ಚಿಪ್ಪಿನಲ್ಲಿ ಇಂತಹ ಎರಡು ತಂಡಗಳಿವೆ. 1 ಮತ್ತು 9ನೆಯ ಕಾಲುಗಳು ಚಾಲನೆಗೆ ಅನುಮತಿ ನೀಡುವಂಥವು. ವೇಗ ನಿಯಂತ್ರಣದ ಮಿಡಿತಗಳನ್ನು ಇವಕ್ಕೆ ಕೊಡಬೇಕು. ಪ್ರತಿಯೊಂದನ್ನೂ 10 ಕಿಲೋ ಓಮ್ ರೋಧದ ಮೂಲಕ ಭೂಮಿಗೆ ಸೇರಿಸಿದರೆ, ವಿದ್ಯುತ್ ಹಾಯಿಸಿದೊಡನೆ ಚಕ್ರಗಳು ತಾವಾಗಿ ಓಡಲಾರವು. 8ನೆಯ ಕಾಲಿಗೆ ಮೋಟಾರಿನ 12 ವೋಲ್ಟ್, 16ನೆಯದಕ್ಕೆ 7805 ನಿಯಂತ್ರಕದಿಂದ ಬರುವ 5 ವೋಲ್ಟ್.

ಉಷ್ಣದ ವಿಚಾರವನ್ನು ಹಲವರು ಕಡೆಗಣಿಸುತ್ತಾರೆ. ಮೇಲಿನ 20 ಓಮಿನ ಉದಾಹರಣೆಯಲ್ಲಿ ಎರಡು ಮೋಟಾರುಗಳೂ ಒಮ್ಮೆಗೇ ನಿಂತರೆ ಚಿಪ್ಪಿನಲ್ಲಿ ಸುಮಾರು 2.4 ವ್ಯಾಟ್ ಶಾಖವಾಗುತ್ತದೆ. ನಡುವಿನ 4, 5, 12, 13ನೆಯ ಕಾಲುಗಳು ಭೂಮಿಯ ಸಂಪರ್ಕವಷ್ಟೇ ಅಲ್ಲ, ಶಾಖದ ದಾರಿಯೂ ಹೌದು. ಅವುಗಳ ಸುತ್ತ ತಾಮ್ರವನ್ನು ಕೊರೆದು ತೆಗೆಯದೆ ವಿಸ್ತಾರವಾಗಿ ಉಳಿಸಬೇಕು. ಮೋಟಾರಿನ ಗೆರೆಗಳು 2 ಮಿಲಿಮೀಟರ್ ಅಗಲವಿರಲಿ. ಮೋಟಾರಿನಿಂದ ಮರಳುವ ಪ್ರವಾಹವೂ 5 ವೋಲ್ಟಿನ ಮಂಡಲದ ಭೂಮಿಯೂ ಬ್ಯಾಟರಿಯ ಬಳಿ ಒಂದೇ ಬಿಂದುವಿನಲ್ಲಿ ಕೂಡಬೇಕು; ಅಲ್ಲದಿದ್ದರೆ ಮೋಟಾರಿನ ಗದ್ದಲವು ಮೈಕ್ರೋಕಂಟ್ರೋಲರನ್ನು ದಾರಿ ತಪ್ಪಿಸುತ್ತದೆ. 8ನೆಯ ಕಾಲಿನ ಸನಿಹದಲ್ಲೂ ಪ್ರತಿ ಮೋಟಾರಿನ ಎರಡು ತುದಿಗಳ ನಡುವೆಯೂ 0.1 ಮೈಕ್ರೋಫ್ಯಾರಡ್ ಧಾರಕವನ್ನು ಬೆಸೆಯಬೇಕು.

ಕಡಲ ತೇವದ ಗಾಳಿಗೆ ತಾಮ್ರ ಬೇಗ ಮಾಸುವುದರಿಂದ, ಬೆಸುಗೆಯ ಅಂಟನ್ನು ತೊಳೆದು ಒಣಗಿಸಿ ಫಲಕಕ್ಕೆ ವಾರ್ನಿಷ್ ಬಳಿಯುವುದು ಒಳ್ಳೆಯದು. ತಾಮ್ರ ಕರಗಿಸಿದ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಮೋರಿಗೆ ಸುರಿಯಬಾರದು.

ಮೊದಲ ಪರೀಕ್ಷೆಯಲ್ಲಿ ಮೋಟಾರುಗಳನ್ನು ಜೋಡಿಸದೆ, ಬ್ಯಾಟರಿಯ ದಾರಿಯಲ್ಲಿ 12 ವೋಲ್ಟ್ 5 ವ್ಯಾಟಿನ ವಾಹನದ ಬಲ್ಬೊಂದನ್ನು ಸೇರಿಸಬೇಕು. ಬಲ್ಬು ಪ್ರಖರವಾಗಿ ಉರಿದರೆ ಎಲ್ಲೋ ಗೆರೆಗಳು ಒಂದಕ್ಕೊಂದು ತಗುಲಿವೆ. ಉರಿಯದಿದ್ದರೆ ಬಲ್ಬನ್ನು ತೆಗೆದು ಮೋಟಾರುಗಳನ್ನು ಸೇರಿಸಿ, ಚಕ್ರವೊಂದನ್ನು ಕೈಯಿಂದ ಎರಡು ಕ್ಷಣ ತಡೆದು ಹಿಡಿದು ಮೀಟರನ್ನು ನೋಡಬೇಕು. ಪ್ರವಾಹವು ಲೆಕ್ಕಕ್ಕಿಂತ ಹೆಚ್ಚಿದ್ದರೆ ಸುರುಳಿಯ ರೋಧವನ್ನು ಮತ್ತೊಮ್ಮೆ ಅಳೆಯತಕ್ಕದ್ದು.