ಒಗ್ಯಾಣಕ್ಕೆ ತಡೆಯುವ ಕೂಸಿನ ಕೌದಿ

ಕೂಸಿಗೆ ಕೌದಿ ಹೊಲಿಯಬೇಕು ಅಂತ ಬರುವವರ ತಲೆಯಲ್ಲಿ ಮೊದಲು ಬಣ್ಣ ಇರುತ್ತದೆ. ಹಳದಿಯ ಪಕ್ಕ ಯಾವುದು, ನಡುವೆ ಆನೆ ಬರಬೇಕೋ ನವಿಲು ಬರಬೇಕೋ. ನಾನು ಕೇಳುವುದು ಬೇರೆ: ಮನೆಯಲ್ಲಿ ಒಗೆಯುವವರು ಯಾರು, ಒಣಹಾಕುವುದು ಎಲ್ಲಿ? ಎಳೆಗೂಸಿನ ಅರಿವೆ ದಿನಕ್ಕೆ ಎಷ್ಟು ಸಲ ನೀರು ಕಾಣುತ್ತದೆ ಅನ್ನುವುದು ಬಾಣಂತನ ಮಾಡಿದವರಿಗೆ ಗೊತ್ತು. ಅದರ ಮೇಲೆ ನಮ್ಮದು ಹುಬ್ಬಳ್ಳಿ. ಎಷ್ಟೋ ಓಣಿಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಜೂನ್ ಹಿಡಿಯಿತೆಂದರೆ ಜಿಟಿಜಿಟಿ ಮಳೆ, ಹಗ್ಗದ ಮೇಲಿನ ಅರಿವೆ ಸಂಜೆಯಾದರೂ ತಣ್ಣಗೇ ಇರುತ್ತದೆ. ವಿದ್ಯಾನಗರದ ಅಪಾರ್ಟ್‌ಮೆಂಟ್ ಬಾಲ್ಕನಿಗಳಿಗಂತೂ ಬಿಸಿಲು ಬಂದು ಹೋಗುವುದೇ ಸ್ವಲ್ಪ ಹೊತ್ತು. ಅದಕ್ಕೇ ನನ್ನ ಲೆಕ್ಕವೆಲ್ಲ ಒಗೆಯುವ ಕಲ್ಲಿನಿಂದ ಹಿಂದಕ್ಕೆ ಬರುತ್ತದೆ. ಅರಿವೆ ಯಾವುದು, ಪದರು ಎಷ್ಟು, ಟಾಕಿ ಎಷ್ಟು ಹತ್ತಿರ ಎಂಬುದನ್ನೆಲ್ಲ ಒಗ್ಯಾಣವೇ ಹೇಳುತ್ತದೆ.

1. ಅರಿವೆ ಹಳೆಯದೇ ಇರಲಿ.

ಜವಳಿ ಸಾಲಿನಲ್ಲಿ ಸಿಗುವ ಹೊಸ ಕಾಟನ್ ಎಷ್ಟೇ ಮೆತ್ತಗಿದ್ದರೂ ಅದರೊಳಗೆ ಗಂಜಿ ಇರುತ್ತದೆ, ಒಗೆದ ಮೇಲೆ ಕುಗ್ಗುತ್ತದೆ. ಅಜ್ಜಿಯ ಸೀರೆ ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿರುತ್ತದೆ, ಬಿಡುವ ಬಣ್ಣವನ್ನೂ ಬಹುಮಟ್ಟಿಗೆ ಬಿಟ್ಟಿರುತ್ತದೆ. ಹೆತ್ತ ಕೂಸನ್ನು ಮೊದಲು ಹಳೆ ಅರಿವೆಯಲ್ಲೇ ಸುತ್ತುವ ನಮ್ಮವರ ರೂಢಿಯಲ್ಲಿ ಈ ತಿಳಿವಳಿಕೆ ಇದೆ. ಬಿಹಾರದ ಸುಜನಿ ಎಂಬ ಕೌದಿ ಹುಟ್ಟಿದ್ದೂ ಹೀಗೆಯೇ. ಎಳೆಗೂಸಿಗಾಗಿ ಹಳೆ ಬಟ್ಟೆಯ ತುಂಡು ಕೂಡಿಸಿ ಹೊಲಿಯುವ ಆ ಹೆಂಗಸರಿಗೆ ಚಿತಿರಿಯಾ ಮಾ ಎಂಬ ಚಿಂದಿಯ ತಾಯಿಯೇ ಇದ್ದಾಳೆ.

ಆದರೆ ಹಳೆಯದೆಲ್ಲ ಒಳ್ಳೆಯದಲ್ಲ. ಒಂಬತ್ತು ವಾರಿಯ ಇಳಕಲ್ ಸೀರೆಯನ್ನು ನೆಲಕ್ಕೆ ಹಾಸಿ, ಮಂಡಿಯೂರಿ ಉದ್ದಕ್ಕೂ ಕೈ ಆಡಿಸಿ ನೋಡಿ. ನಿರಿಗೆಯ ಕೆಳಗಿನ ಅಂಚು ಹಿಮ್ಮಡಿಗೆ ತಾಗಿ ತಾಗಿ ಸವೆದಿರುತ್ತದೆ. ಕೂರುವ ಕಡೆಯ ಭಾಗ ತೆಳ್ಳಗಾಗಿರುತ್ತದೆ. ಒಳಗೆ ಸಿಕ್ಕಿಸಿಕೊಳ್ಳುವ ತುದಿ ಮಾತ್ರ ಮೆತ್ತಗೂ ಗಟ್ಟಿಯೂ ಇರುತ್ತದೆ, ಕೌದಿಯ ಮೇಲ್ಮೈಗೆ ಅದನ್ನು ತೆಗೆದುಕೊಳ್ಳಿ. ಅನುಮಾನ ಬಂದ ಕಡೆ ಎರಡು ಹೆಬ್ಬೆರಳು ಜೋಡಿಸಿ ಹೊರಕ್ಕೆ ಎಳೆಯಿರಿ. ಎಳೆ ಬಿಟ್ಟುಕೊಟ್ಟರೆ ಆ ತುಂಡಿಗೆ ನಡುವಿನ ಪದರಿನಲ್ಲಿ ಜಾಗ. ಇನ್ನು ಕತ್ತರಿಗಿಂತ ಹರಿಯುವುದೇ ವಾಸಿ. ಸಾದಾ ನೇಯ್ಗೆಯ ಹತ್ತಿ ಅರಿವೆ ಎಳೆಗುಂಟ ನೇರವಾಗಿ ಹರಿಯುತ್ತದೆ, ಚರ್ ಅಂತ ಸದ್ದು ಮಾಡುತ್ತದೆ. ಸದ್ದೇ ಇಲ್ಲದೆ ಕೈಗೆ ಬಂದರೆ ಅದರ ಆಯುಷ್ಯ ಮುಗಿದಿದೆ.

"ಪ್ಯೂರ್ ಕಾಟನ್ ಐತ್ರಿ" ಅಂತ ಬರುವ ಸೀರೆಗಳಲ್ಲಿ ಪಾಲಿಸ್ಟರ್ ಬೆರೆತದ್ದು ಬಹಳ. ನಾಲ್ಕು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿ ಸುಟ್ಟರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಹತ್ತಿ ಉದುರುತ್ತದೆ. ಪಾಲಿಸ್ಟರ್ ಕರಗಿ ಕಪ್ಪು ಮಣಿಯಾಗಿ ಗಟ್ಟಿಯಾಗುತ್ತದೆ. ಮಣಿ ಕಂಡರೆ ಆ ಸೀರೆ ವಾಪಸ್. ಅದು ಉಚ್ಚೆ ಹೀರುವುದಿಲ್ಲ, ಏಪ್ರಿಲ್‌ನ 37-38 ಡಿಗ್ರಿಯಲ್ಲಿ ಕೂಸಿನ ಬೆನ್ನಿಗೆ ಬೆವರುಸಾಲೆ ತರಿಸುತ್ತದೆ.

ಹಳೆ ಸೀರೆ ಸಿಗದವರು ಖಾದಿಗೆ ಹೋಗಬಹುದು. ದೇಶಕ್ಕೆ ರಾಷ್ಟ್ರಧ್ವಜ ಹೊಲಿದುಕೊಡುವ ಬೆಂಗೇರಿಯ ಖಾದಿ ಸಂಘ ಇದೇ ಊರಲ್ಲಿದೆ. ತೆಳು ಖಾದಿ ತಂದು ರಾತ್ರಿಯಿಡೀ ನೆನೆಹಾಕಿ, ನಾಲ್ಕಾರು ಸಲ ಒಗೆದು, ಆಮೇಲೆ ಅಳತೆಗೆ ಹರಿಯಿರಿ. ಒಗೆಯುವ ಮೊದಲೇ ಹೊಲಿದರೆ ಮೇಲಿನ ಪದರು ಒಂದು ಕಡೆ, ಅಸ್ತರ ಇನ್ನೊಂದು ಕಡೆ ಎಳೆಯುತ್ತದೆ.

2. ಟ್ರಂಕಿನ ವಾಸನೆ ಹೋಗುವ ತನಕ ಸೂಜಿ ಮುಟ್ಟಬೇಡಿ.

ಅಜ್ಜಿಯ ಸೀರೆ ಬರುವುದು ಡಾಂಬರ ಗುಳಿಗೆಯ ಜೊತೆಗೆ. ನ್ಯಾಫ್ತಲೀನ್ ಅಂದರೆ ಅದೇ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಕೂಸು ಗುಳಿಗೆ ಇಟ್ಟ ಅರಿವೆಯಲ್ಲಿ ಮಲಗಿದರೆ ಸಾಕು, ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ವಿಪರೀತಕ್ಕೆ ಹೋಗಬಹುದು. ಮಕ್ಕಳ ಡಾಕ್ಟರುಗಳು ಇದನ್ನು ಹೇಳುತ್ತಲೇ ಇರುತ್ತಾರೆ, ನಮ್ಮ ಟ್ರಂಕುಗಳಿಗೆ ಮಾತ್ರ ಕೇಳಿಸಿಲ್ಲ. ಸೀರೆಯನ್ನು ದಿನಗಟ್ಟಲೆ ಗಾಳಿ ಬಿಸಿಲಿಗೆ ಹರವಿ, ಬಿಸಿನೀರಿನಲ್ಲಿ ಒಗೆದು, ಮೂಗಿಗೆ ಹಿಡಿದು ನೋಡಿ. ವಾಸನೆ ಇದ್ದರೆ ಮತ್ತೆ ಒಗೆಯಿರಿ. ಹೊಲಿದು ಮುಗಿದ ಕೌದಿ ಕಾಪಿಡಲೂ ಗುಳಿಗೆ ಬೇಡ. ಒಣಗಿದ ಬೇವಿನ ಎಲೆಯನ್ನು ಅರಿವೆಯಲ್ಲಿ ಕಟ್ಟಿ ಪಕ್ಕದಲ್ಲಿಟ್ಟರೆ ಸಾಕು.

3. ಬಣ್ಣ ಬಿಡುವ ಸೀರೆಗೆ ಉಪ್ಪಿನ ಮದ್ದಿಲ್ಲ.

ಬಿಳಿ ಅರಿವೆ ಒದ್ದೆ ಮಾಡಿ ಸೀರೆಗೆ ಗಟ್ಟಿಯಾಗಿ ತಿಕ್ಕಿ. ಬಿಳಿ ಕೆಂಪಾದರೆ ಆ ಸೀರೆ ಕೂಸಿಗಲ್ಲ, ಯಾಕೆಂದರೆ ಹಲ್ಲು ಬರುವ ಹೊತ್ತಿಗೆ ಕೌದಿಯ ಮೂಲೆ ಬಾಯಲ್ಲೇ ಇರುತ್ತದೆ. ಉಪ್ಪುನೀರಿಗೋ ವಿನೆಗರಿಗೋ ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುತ್ತಾರೆ. ಒಮ್ಮೆ ಬಣ್ಣ ಕಟ್ಟಿ ಮುಗಿದ ಅರಿವೆಗೆ ಅದು ಏನೂ ಮಾಡುವುದಿಲ್ಲ.

4. ಧಡಿ, ಜರಿ, ಕನ್ನಡಿ, ಗುಂಡಿ, ಗೆಜ್ಜೆ ಯಾವುದೂ ಬೇಡ.

ಇಳಕಲ್ಲಿನ ಧಡಿ ನೋಡಲು ಚೆಂದ, ಕೆನ್ನೆಗೆ ಒರಟು. ಗುಳೇದಗುಡ್ಡದ ಖಣ ಕುಂಚಿಗೆಗೆ ಇರಲಿ, ತೊಟ್ಟಿಲು ಕಾರ್ಯದ ಫೋಟೋಕ್ಕೆ ಅಷ್ಟು ಸಾಕು.

5. ಎರಡು ಮೊಳ, ಮೂರು ಪದರು.

ಎರಡು ಮೊಳ ಚೌಕ, ಅಂದರೆ 36 ಇಂಚು. ಹೊಲಿಯುತ್ತ ಹೋದಂತೆ ಅರಿವೆ ಒಳಕ್ಕೆ ಸೆಳೆಯುತ್ತದೆ, ಅಂಚು ಮಡಿಚಲೂ ಬೇಕು, ಆದ್ದರಿಂದ 38ಕ್ಕೆ ಹರಿಯಿರಿ. ಮೇಲೊಂದು, ಕೆಳಗೊಂದು, ನಡುವೆ ಸವೆದ ಪಂಚೆಯದೊಂದು ಪದರು. ಚಳಿಗಾಲದ ಕೂಸಾದರೆ ನಾಲ್ಕು. ಅದಕ್ಕಿಂತ ದಪ್ಪ ಕೇಳುವವರಿಗೆ ನಾನು ಹೇಳುವುದು, ಎರಡು ತೆಳುವಾದವನ್ನು ಹೊಲಿಸಿರಿ ಅಂತ. ಒಂದು ಹಗ್ಗದ ಮೇಲಿದ್ದಾಗ ಒಂದು ತೊಟ್ಟಿಲಲ್ಲಿ.

ಹತ್ತಿಯ ಸೀಮೆಯಲ್ಲಿದ್ದು ಅರಳೆ ತುಂಬಬಾರದೇ ಅನ್ನುತ್ತಾರೆ. ಪಿಂಜಾರರು ಹಿಂಜಿ ತುಂಬಿದ ಗಾದಿ ಬಹಳ ಸುಖ, ಆದರೆ ಗಾದಿಯನ್ನು ಯಾರೂ ಒಗೆಯುವುದಿಲ್ಲ. ಕೂಸಿನ ಕೌದಿಯೊಳಗಿನ ಅರಳೆ ಒಗೆದಂತೆಲ್ಲ ಗಂಟು ಕಟ್ಟಿ ಮೂಲೆಗೆ ಸೇರುತ್ತದೆ. ಫೈಬರ್, ಫೋಮಿನ ಮಾತು ಎತ್ತಲೇಬೇಡಿ.

6. ನಾಲ್ಕು ಸಾವಿರ ಟಾಕಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಪದರುಗಳಿಗೆ ಇಸ್ತ್ರಿ ಹಾಕಿ, ಫರ್ಸಿಯ ಮೇಲೆ ಒಂದರ ಮೇಲೊಂದು ಹರವಿ, ನಾಲ್ಕೂ ಮೂಲೆಗೆ ತೂಕ ಇಡಿ. ಖಲಬತ್ತು, ತಂಬಿಗೆ, ಏನು ಸಿಕ್ಕಿತೋ ಅದು. ನಡುವಿನಿಂದ ಹೊರಕ್ಕೆ ಉದ್ದುದ್ದ ಕಚ್ಚಾ ಟಾಕಿ ಹಾಕಿ, ಎಲ್ಲ ಮುಗಿದ ಮೇಲೆ ಅದನ್ನು ಬಿಚ್ಚಿ. ಪಕ್ಕಾ ಹೊಲಿಗೆಯೂ ನಡುವಿನಿಂದಲೇ. ಅಂಚಿನಿಂದ ಶುರು ಮಾಡಿದರೆ ಅರಿವೆ ತಳ್ಳುತ್ತ ತಳ್ಳುತ್ತ ನಡುವೆ ಗುಬ್ಬಿ ಕಟ್ಟುತ್ತದೆ.

ದೊಡ್ಡ ಕೌದಿಯ ದಬ್ಬಣ ಇಲ್ಲಿ ಬೇಡ, ಅದು ಮಾಡುವ ತೂತು ಸವೆದ ಅರಿವೆಯಲ್ಲಿ ಮುಚ್ಚಿಕೊಳ್ಳುವುದಿಲ್ಲ. ಸಣ್ಣ ಸೂಜಿ ಸಾಕು. ದಾರ ಆರೆಳೆಯ ಕಸೂತಿ ಲಡಿಯದು, ಅದರಲ್ಲಿ ಮೂರೆಳೆ ಬಿಡಿಸಿಕೊಳ್ಳಿ. ಇಂಚಿಗೊಂದು ಸಾಲು ಅಂತ ಹಿಡಿದರೆ 36 ಸಾಲು, ಒಂದೊಂದು ಸಾಲು ಒಂದು ವಾರಿ. ಅಲ್ಲಿಗೆ 36 ವಾರಿ ಹೊಲಿಗೆ, ಒಂಬತ್ತು ವಾರಿ ಸೀರೆಯ ಉದ್ದದ ನಾಲ್ಕು ಪಟ್ಟು. ಎಂಟು ಮೀಟರಿನ ಲಡಿಯನ್ನು ಎರಡಾಗಿ ಬಿಡಿಸಿದರೆ ಹದಿನಾರು ಮೀಟರ್ ಸಿಗುತ್ತದೆ, ಮೂರು ಲಡಿ ಸಾಕಾಗುತ್ತವೆ.

ಇಂಚಿಗೆ ಮೂರು ಟಾಕಿ ಬಿದ್ದರೂ ಒಟ್ಟು ನಾಲ್ಕು ಸಾವಿರದ ಹತ್ತಿರ. ವಿದ್ಯಾನಗರದ ಬಿವಿಬಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರ 'ಥ್ರೀ ಥೌಸಂಡ್ ಸ್ಟಿಚಸ್' 2017ರಲ್ಲಿ ಬಂತು. ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಹೆಂಗಸರು ಒಬ್ಬೊಬ್ಬರು ಒಂದೊಂದು ಟಾಕಿ ಹಾಕಿ ಕೊಟ್ಟ ಕೌದಿಯ ಕಥೆ ಅದು. ಓದಿದವರಿಗೆ ಮೂರು ಸಾವಿರ ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಕೌದಿ ಹೊಲಿಯುವ ಕೈಗೆ ಅದು ಒಂದು ಕೂಸಿನ ಅಳತೆಗೂ ಸಾಲದು.

ಸಾಲು ಇಂಚಿಗಿಂತ ಹತ್ತಿರ ಬಂದರೆ ಕೌದಿ ಬಿರುಸಾಗುತ್ತದೆ. ಎರಡು ಇಂಚು ಬಿಟ್ಟರೆ ಒದ್ದೆಯಾದಾಗ ನಡುವಿನ ಪದರು ಸರಿದು ಮುದ್ದೆಯಾಗುತ್ತದೆ. ಗಂಟು ಹಾಕುವುದು ಪೂರ್ತಿ ನಿಷಿದ್ಧ. ಕಸೂತಿಯಲ್ಲಿ ಗವಂತಿ, ಮುರಗಿ ಹಾಕುವವರು ಗಂಟಿಲ್ಲದೆಯೇ ದಾರ ಶುರು ಮಾಡುತ್ತಾರೆ, ಗಂಟಿಲ್ಲದೆಯೇ ಮುಗಿಸುತ್ತಾರೆ. ಅದೇ ಪಾಠ ಇಲ್ಲೂ. ದಾರದ ತುದಿಯನ್ನು ಪದರುಗಳ ನಡುವೆ ಓಡಿಸಿ, ಒಂದೇ ಜಾಗದಲ್ಲಿ ಎರಡು ಸಣ್ಣ ಹಿಂಟಾಕಿ ಹಾಕಿ ಕತ್ತರಿಸಿ. ಗಂಟು ಕೂಸಿನ ಬೆನ್ನಿಗೆ ಒತ್ತುತ್ತದೆ, ಒಗೆಯುವಾಗ ಕಲ್ಲಿಗೆ ಸಿಕ್ಕಿ ಮೊದಲು ಕಿತ್ತು ಬರುವುದೂ ಅದೇ.

ಮಷೀನಿನಲ್ಲಿ ಆಗದೇ ಅಂತ ಕೇಳುವವರು ದಿನಾ ಇದ್ದಾರೆ. ತುಂಡು ಜೋಡಿಸಲು ಮಷೀನು ಧಾರಾಳ ಆಗುತ್ತದೆ. ಪದರು ಹಿಡಿಸಲು ಕೈಯೇ ಬೇಕು. ಕೈಹೊಲಿಗೆ ಅರಿವೆಯ ಜೊತೆ ಬಾಗುತ್ತದೆ, ಮಷೀನಿನ ಸಾಲು ಹಲಗೆಯಂತೆ ನಿಲ್ಲುತ್ತದೆ.

7. ಮೂಲೆಯನ್ನು ಸಿದ್ದಿಯರಿಂದ ಕಲಿಯಿರಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗೆ ಕವಂದಿ ಅಂತ ಹೆಸರು. ಅವರು ಒಂದು ಮೂಲೆಯಿಂದ ಹಿಡಿದು, ತುಂಡು ಸೇರಿಸುತ್ತ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ಮೊದಲೇ ಹರವಿ ಇಡುವ ಪದ್ಧತಿಯೇ ಇಲ್ಲ, ಹೊಸಬರು ಅವರಂತೆ ಹೊಲಿಯಲು ಹೋದರೆ ಕೈ ಸಿಕ್ಕಿಬೀಳುತ್ತದೆ. ಆದರೆ ಅವರ ಮೂಲೆಯನ್ನು ಯಾರಾದರೂ ಕಲಿಯಬಹುದು. ಸಣ್ಣ ಚೌಕವನ್ನು ತ್ರಿಕೋನಕ್ಕೆ ಮಡಿಚಿ, ಇನ್ನೊಮ್ಮೆ ಮಡಿಚಿ, ನಾಲ್ಕೂ ಮೂಲೆಯಲ್ಲಿ ಕೂರಿಸಿ ಹೊಲಿಯುತ್ತಾರೆ. ಅದಕ್ಕೆ ಫುಲ ಅನ್ನುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳ ಬೆನ್ನುಹತ್ತಿ ಹೋಗಿ, 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಗೂ ಏರಿಸಿದರು. ಗೋಡೆಯ ಮಾತು ಹಾಗಿರಲಿ. ಕೌದಿಯಲ್ಲಿ ಮೊದಲು ಸವೆಯುವುದು ಮೂಲೆ, ಕೂಸು ಹಿಡಿಯುವುದೂ ಕಚ್ಚುವುದೂ ಮೂಲೆ. ಅಲ್ಲಿ ನಾಲ್ಕು ಪದರು ಹೆಚ್ಚಿಗೆ ಇಟ್ಟವರು ಅಂದದ ಜೊತೆಗೆ ಆಯುಷ್ಯದ ಲೆಕ್ಕವನ್ನೂ ಹಾಕಿದ್ದಾರೆ.

8. ಹಾಸುವುದಕ್ಕೆ ಕೊಡಿ, ಹೊದಿಸುವುದಕ್ಕಲ್ಲ.

ಕೂಸು ವರ್ಷದ ಒಳಗಿರುವಾಗ ಮಲಗಿಸಿದ ಮೇಲೆ ಸಡಿಲವಾದ ಹೊದಿಕೆ ಹತ್ತಿರ ಇರಬಾರದು. ಮುಖದ ಮೇಲೆ ಬಂದರೆ ಸರಿಸಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ತೊಟ್ಟಿಲಲ್ಲಿ ಹಾಸಿದರೆ ಸುಕ್ಕಿಲ್ಲದೆ ಎಳೆದು ಅಂಚನ್ನು ಕೆಳಗೆ ಸಿಕ್ಕಿಸಿ, ಕೂಸನ್ನು ಬೆನ್ನ ಮೇಲೆ ಮಲಗಿಸಿ. ನನ್ನ ಹತ್ತಿರ ಬರುವವರಲ್ಲಿ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಂದಿರು ಬಹಳ. ಅಲ್ಲಿಯ ಮಕ್ಕಳ ಡಾಕ್ಟರುಗಳು ಮಲಗುವ ಜಾಗದಲ್ಲಿ ಬಿಗಿಯಾದ ಒಂದು ಚಾದರ ಬಿಟ್ಟರೆ ಬೇರೇನೂ ಒಪ್ಪುವುದಿಲ್ಲ. "ನಮ್ಮ ಕೌದಿ ಬ್ಯಾಡಂದ್ರಲ್ರೀ" ಅಂತ ಫೋನ್ ಮಾಡಿ ಮುಖ ಸಣ್ಣ ಮಾಡಿಕೊಂಡವರಿದ್ದಾರೆ. ಎಚ್ಚರ ಇದ್ದಾಗ ನೆಲಕ್ಕೆ ಹಾಸಿ ಬೋರಲು ಹಾಕಿ ಆಡಿಸಲು, ತೊಡೆಯ ಮೇಲೆ ಹಾಕಿಕೊಂಡು ಹಾಲು ಕುಡಿಸಲು ಕೌದಿಗಿಂತ ಒಳ್ಳೆಯದು ಯಾವುದೂ ಇಲ್ಲ ಅಂತ ಹೊರಡುವ ಮೊದಲೇ ಹೇಳಿ ಕಳಿಸುತ್ತೇನೆ.

9. ಒಂದೇ ಸೀರೆಯಲ್ಲಿ ಜೋಡಿ ಹೊಲಿಯಿರಿ.

ಎಂಟು, ಹತ್ತು ತಿಂಗಳಿಗೆ ಕೌದಿ ಮಗುವಿನ ಆಸ್ತಿಯಾಗುತ್ತದೆ. ಅದರ ಮೂಲೆ ಇಲ್ಲದೆ ನಿದ್ದೆ ಇಲ್ಲ. ಲಂಡನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1953ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ಈ ಮೋಹವನ್ನು ಬಿಡಿಸಿ ಹೇಳಿದರು. ಮಗು ತಾಯಿಯನ್ನು ಬಿಟ್ಟು ಇರಲು ಕಲಿಯುವಾಗ ನಡುವಿನ ಆಸರೆ ಇಂಥ ಅರಿವೆ. ಕೊಳೆಯಾಗಿ ನಾತ ಹೊಡೆದರೂ ತಾಯಿ ಅದನ್ನು ಹಾಗೇ ಬಿಡುತ್ತಾಳೆ, ತೊಳೆದರೆ ಮಗುವಿನ ಪಾಲಿಗೆ ಅದರ ಬೆಲೆಯೇ ಹೋದೀತು ಅನ್ನುವುದು ಅವಳಿಗೆ ಗೊತ್ತು, ಎಂದರು ಅವರು. ನನ್ನ ಇಡೀ ಸಿದ್ಧಾಂತಕ್ಕೆ ಸಿಕ್ಕ ಗಟ್ಟಿ ಎದುರಾಳಿ ಈ ಮಾತು. ಉತ್ತರ ಇಷ್ಟೇ: ಮೊದಲ ದಿನದಿಂದಲೇ ಎರಡು ಕೌದಿ ಇರಲಿ, ಒಂದೇ ಸೀರೆಯವು, ಒಂದೇ ದಾರದವು. ದಿನ ಬಿಟ್ಟು ದಿನ ಬದಲಾಯಿಸುತ್ತಿದ್ದರೆ ಎರಡಕ್ಕೂ ಅದೇ ಹಾಲಿನ, ಕೊಬ್ಬರಿ ಎಣ್ಣೆಯ ವಾಸನೆ ಹತ್ತುತ್ತದೆ. ಮಗುವಿಗೆ ಎರಡು ವರ್ಷ ಆದಮೇಲೆ ಎರಡನೆಯದನ್ನು ತಂದಿಟ್ಟರೆ ಅದು ಮುಟ್ಟುವುದೂ ಇಲ್ಲ.

ಒಗೆಯುವಾಗ ಹಾಲು, ಉಚ್ಚೆಯ ಕಲೆಗೆ ಮೊದಲು ತಣ್ಣೀರು. ಒಮ್ಮೆಲೇ ಕುದಿಯುವ ನೀರು ಸುರಿದರೆ ಹಾಲಿನ ಕಲೆ ಕಚ್ಚಿ ಕೂರುತ್ತದೆ. ಎಣ್ಣೆಯ ಜಿಡ್ಡಿಗೆ ಆಮೇಲೆ ಬಿಸಿನೀರು. ಘಮಘಮ ಅನ್ನುವ ಸಾಫ್ಟನರ್ ಹಾಕಿದರೆ ಎಳೆಯ ಮೇಲೆ ಪೊರೆ ಕಟ್ಟಿ ಅರಿವೆ ನೀರು ಹೀರುವುದನ್ನೇ ಬಿಡುತ್ತದೆ.

10. ಕೈಗೆ ತಕ್ಕ ಕೂಲಿ ಕೊಡಿ.

ಮೊದಲು ಗೊಂದಲಿಗರ ಹೆಣ್ಣುಮಕ್ಕಳು ಓಣಿ ಓಣಿ ತಿರುಗಿ, "ಕೌದಿ ಹೊಲಸ್ತೀರೇನ್ರೀ ಯವ್ವಾ" ಅಂತ ಕೂಗಿ, ಕಟ್ಟೆಯ ಮೇಲೆ ಕೂತು ಹೊಲಿದು ಹೋಗುತ್ತಿದ್ದರು. ಈಗ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಅವರನ್ನು ನಿಲ್ಲಿಸುತ್ತಾರೆ. ಸೀರೆ ನಮ್ಮದೇ ಅಲ್ಲವೇ, ದಾರಕ್ಕೆ ಎಷ್ಟಾದೀತು ಅಂತ ಚೌಕಾಸಿ ಮಾಡುವವರು ಒಮ್ಮೆ ಮೇಲಿನ 36 ವಾರಿಯ ಲೆಕ್ಕ ನೋಡಲಿ.

11. ಸವೆದ ಕೌದಿಯನ್ನು ಕೂಸಿನ ಕೌದಿಯೊಳಗೆ ತುಂಬಬೇಡಿ.

ಹಳೆ ಕೌದಿಯನ್ನೇ ಹೊಟ್ಟೆಯೊಳಗಿಟ್ಟು ಮೇಲೆ ಹೊಸ ಹೊದಿಕೆ ಹಾಕುವುದು ನಮ್ಮ ಹಳೆ ಪದ್ಧತಿ. ದೊಡ್ಡವರ ಹಾಸಿಗೆಗೆ ಅದು ಸರಿ. ಅಣ್ಣನ ಕೌದಿ ಅಂತ ಪ್ರೀತಿಯಿಂದ ತಮ್ಮನ ಕೌದಿಯಲ್ಲಿ ಇಟ್ಟರೆ ಮೂರು ಪದರು ಐದಾಗುತ್ತದೆ, ಸೂಜಿ ದಾಟುವುದಿಲ್ಲ, ಜುಲೈನಲ್ಲಿ ಎರಡು ದಿನ ಹಗ್ಗದ ಮೇಲಿದ್ದರೂ ನಡುವೆ ಹಸಿ ಉಳಿದು ಮುಗ್ಗಲು ವಾಸನೆ ಬರುತ್ತದೆ. ನೆನಪಿಗೆ ಬೇಕೇ ಬೇಕು ಅನ್ನುವವರು ಅಣ್ಣನ ಕೌದಿಯ ಗಟ್ಟಿ ಉಳಿದ ಅಂಗೈ ಅಗಲದ ತುಂಡುಗಳನ್ನು ಬಿಡಿಸಿಕೊಂಡು, ತಮ್ಮನ ಕೌದಿಯ ನಾಲ್ಕು ಮೂಲೆಯ ಫುಲಕ್ಕೆ ಮಡಿಚಿ ಹೊಲಿಯಲಿ.