ಮಗುವಿನ ಆಸನ

ಮದುವೆಯ ಮನೆಗೆ ಹೊರಟು ನಿಂತಿರುವ ಕಾರೊಂದನ್ನು ನೆನೆದುಕೊಳ್ಳಿ. ಬುತ್ತಿಯ ಗಂಟನ್ನು ಉರುಳದಂತೆ ಇಟ್ಟಿದ್ದಾರೆ. ಗಾಜಿನ ಪಾತ್ರೆಗಳಿರುವ ಉಡುಗೊರೆಯ ಪೆಟ್ಟಿಗೆಗೆ ಸುತ್ತಲೂ ಬಟ್ಟೆ ತುರುಕಿದ್ದಾರೆ. ಹೂವು ಬಾಡದಂತೆ ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿದ್ದಾರೆ. ಕೊನೆಗೆ ಅಜ್ಜಿ ಮುಂದಿನ ಆಸನದಲ್ಲಿ ಕುಳಿತು ಒಂದು ವರ್ಷದ ಮೊಮ್ಮಗುವನ್ನು ಮಡಿಲಿಗೆ ತೆಗೆದುಕೊಳ್ಳುತ್ತಾಳೆ. ಮಗು ಗಾಜಿನಾಚೆ ನೋಡಿ ನಗುತ್ತದೆ. ಎಲ್ಲರಿಗೂ ನೆಮ್ಮದಿ. ಅಜ್ಜಿಯ ಮಡಿಲಿಗಿಂತ ಭದ್ರವಾದ ಎಡೆ ಮಗುವಿಗೆ ಬೇರೆಲ್ಲಿದೆ?

ಮನೆಯ ಜಗಲಿಯ ಮೇಲೆ ಈ ಮಾತು ನಿಜ. ಓಡುವ ಕಾರಿನಲ್ಲಿ ಇದು ನಿಜವಲ್ಲ. ಆ ಕಾರಿನಲ್ಲಿ ಗಾಜಿನ ಪಾತ್ರೆಗಳಿಗೆ ದೊರೆತ ರಕ್ಷಣೆಯೂ ಮಗುವಿಗೆ ದೊರೆತಿಲ್ಲ. ಇದು ಪ್ರೀತಿಯ ಕೊರತೆಯಿಂದ ಆದುದಲ್ಲ, ತಿಳಿವಳಿಕೆಯ ಕೊರತೆಯಿಂದ ಆದುದು.

ಈ ಮಾತನ್ನು ನೀವು ಕಲಿತ ಗತಿನಿಯಮಗಳಿಂದಲೇ ಪರೀಕ್ಷಿಸಬಹುದು. ಹೊರಗಿನ ಬಲವೊಂದು ತಡೆಯುವವರೆಗೆ ಚಲಿಸುವ ವಸ್ತು ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ ಚಲಿಸುತ್ತಲೇ ಇರುತ್ತದೆ ಎಂಬುದು ನ್ಯೂಟನ್ನನ ಮೊದಲನೆಯ ನಿಯಮ. ಕಾರು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆಯೆನ್ನೋಣ. ಇದು ಊರೊಳಗಿನ ಸಾಧಾರಣ ವೇಗ. ಸೆಕೆಂಡಿಗೆ 10 ಮೀಟರ್ ಆಯಿತು. ಸುಮಾರು 5 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಇದೇ ವೇಗವನ್ನು ಪಡೆದಿರುತ್ತದೆ. ಕಾರು ಮರಕ್ಕೆ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಬಿಟ್ಟರೆ, 10 ಕಿಲೋಗ್ರಾಂ ತೂಕದ ಮಗುವನ್ನು ಅಷ್ಟೇ ಕಾಲದಲ್ಲಿ ನಿಲ್ಲಿಸಲು ಸರಾಸರಿ 1000 ನ್ಯೂಟನ್ ಬಲ ಬೇಕಾಗುತ್ತದೆ. ಅಂದರೆ, ತಲಾ 50 ಕಿಲೋಗ್ರಾಮಿನ ಎರಡು ಅಕ್ಕಿಮೂಟೆಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿ ಹಿಡಿದಂತೆ. ಎಂತಹ ತೋಳಿಗೂ ಇದು ಸಾಧ್ಯವಿಲ್ಲ. ಅಜ್ಜಿ ಪಟ್ಟಿ ಕಟ್ಟಿಕೊಂಡಿರದಿದ್ದರೆ ಆಕೆಯೂ ಮುಂದಕ್ಕೆ ಎಸೆಯಲ್ಪಡುತ್ತಾಳೆ. ಆಗ ಮಗು ಆಕೆಯ ದೇಹಕ್ಕೂ ಕಾರಿನ ಮುಂಭಾಗಕ್ಕೂ ನಡುವೆ ಸಿಕ್ಕಿಬೀಳುತ್ತದೆ. ಒಂದೇ ಪಟ್ಟಿಯನ್ನು ಇಬ್ಬರಿಗೂ ಸುತ್ತಿದರೆ ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದನ್ನೂ ಮರೆಯಬಾರದು.

ಹಾಗಾದರೆ ಮಗುವಿಗೂ ದೊಡ್ಡವರ ಸೀಟುಬೆಲ್ಟನ್ನೇ ಕಟ್ಟಬಾರದೇಕೆ? ಇಂದು ಬಳಕೆಯಲ್ಲಿರುವ ಮೂರು ಬಿಂದುಗಳ ಸೀಟುಬೆಲ್ಟನ್ನು ಸ್ವೀಡನ್ನಿನ ಇಂಜಿನಿಯರಾದ ನಿಲ್ಸ್ ಬೊಹ್ಲಿನ್ ಎಂಬಾತನು ವೋಲ್ವೋ ಸಂಸ್ಥೆಯಲ್ಲಿದ್ದಾಗ ರೂಪಿಸಿದನು. 1959ರಲ್ಲಿ ಅದು ಕಾರುಗಳಲ್ಲಿ ಬಳಕೆಗೆ ಬಂದಿತು. ಅದು ಸೊಂಟದ ಮೂಳೆ, ಎದೆಗೂಡು, ಭುಜ ಇವುಗಳ ಮೇಲೆ ಹಾದು ಬಲವನ್ನು ಹಂಚುತ್ತದೆ. ಆದರೆ ಮಗುವಿನ ಸೊಂಟದ ಮೂಳೆ ಇನ್ನೂ ಎಳೆಯದು. ಪಟ್ಟಿ ಅಲ್ಲಿಂದ ಜಾರಿ ಮೃದುವಾದ ಹೊಟ್ಟೆಯನ್ನು ಒತ್ತುತ್ತದೆ, ಮೇಲಿನ ಪಟ್ಟಿ ಕೊರಳಿಗೆ ಬರುತ್ತದೆ. ಇದಲ್ಲದೆ ನವಜಾತ ಶಿಶುವಿನ ತಲೆ ಅದರ ದೇಹದ ಉದ್ದದ ಕಾಲುಭಾಗದಷ್ಟಿರುತ್ತದೆ. ಅಷ್ಟು ಭಾರವಾದ ತಲೆಯನ್ನು ಹೊತ್ತ ಕತ್ತಿನ ಎಲುಬುಗಳು ಪೂರ್ಣವಾಗಿ ಗಟ್ಟಿಯಾಗಿರುವುದಿಲ್ಲ.

ಈ ತೊಡಕಿಗೆ ಉತ್ತರ ಹುಡುಕಿದವರಲ್ಲಿ ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ ಪ್ರಮುಖನು. ಗಗನಯಾತ್ರಿಗಳು ರಾಕೆಟ್ಟಿನ ಬಲವನ್ನು ಬೆನ್ನಿನ ಮೇಲೆ ಹಂಚಿಕೊಳ್ಳುವಂತೆ ಒರಗಿ ಮಲಗುವುದನ್ನು ಆತನು ಗಮನಿಸಿದನು. ಮಗುವನ್ನೂ ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂರಿಸಿದರೆ, ಮುಂದಿನ ಡಿಕ್ಕಿಯಲ್ಲಿ ತಲೆ, ಕತ್ತು, ಬೆನ್ನು ಮೂರೂ ಒಟ್ಟಾಗಿ ಆಸನದ ಬೆನ್ನಿಗೆ ಒರಗುತ್ತವೆ. ಕತ್ತೊಂದೇ ಆ ಎಳೆತವನ್ನು ತಾಳಬೇಕಾಗುವುದಿಲ್ಲ. ಈ ತತ್ತ್ವದ ಮೇಲೆ 1964ರಲ್ಲಿ ಆತನು ಹಿಮ್ಮುಖ ಆಸನದ ಮೊದಲ ಮಾದರಿಯನ್ನು ಸಿದ್ಧಪಡಿಸಿದನು. ಅಮೆರಿಕದಲ್ಲಿ ಮಕ್ಕಳ ಆಸನವನ್ನು ಕಡ್ಡಾಯಗೊಳಿಸಿದ ಮೊದಲ ರಾಜ್ಯ ಟೆನೆಸ್ಸಿ. ಅಲ್ಲಿ ಆ ಕಾನೂನು 1978ರಲ್ಲಿ ಜಾರಿಗೆ ಬಂದಿತು.

ಮಗು ಬೆಳೆದಂತೆ ಆಸನವೂ ಬದಲಾಗುತ್ತದೆ. ಎಳೆಯ ಮಗುವಿಗೆ ಹಿಮ್ಮುಖ ಆಸನ. ವಿಶ್ವಸಂಸ್ಥೆಯ 129ನೆಯ ನಿಯಮಾವಳಿಗೆ ಅನುಸಾರವಾಗಿ ತಯಾರಾದ ಆಸನಗಳಲ್ಲಿ ಮಗು ಕನಿಷ್ಠಪಕ್ಷ 15 ತಿಂಗಳು ದಾಟುವವರೆಗೆ ಹಿಮ್ಮುಖವಾಗಿಯೇ ಕುಳಿತಿರಬೇಕು. ಆಸನದ ತೂಕ ಹಾಗೂ ಎತ್ತರದ ಮಿತಿ ಮೀರದಿದ್ದರೆ ಇನ್ನೂ ಹೆಚ್ಚು ಕಾಲ ಹಾಗೆಯೇ ಕೂರಿಸುವುದು ಒಳ್ಳೆಯದು. ಅನಂತರ ಸ್ವಂತ ಪಟ್ಟಿಗಳುಳ್ಳ ಮುಮ್ಮುಖ ಆಸನ. ಅದಕ್ಕೂ ದೊಡ್ಡದಾದ ಮೇಲೆ ಬೂಸ್ಟರ್ ಎಂಬ ಎತ್ತರದ ಪೀಠ. ಇದು ದೊಡ್ಡವರ ಪಟ್ಟಿ ಮಗುವಿನ ಸೊಂಟ ಮತ್ತು ಭುಜಗಳ ಮೇಲೆ ಸರಿಯಾಗಿ ಬರುವಂತೆ ಮಾಡುತ್ತದೆ. ಸಾಮಾನ್ಯವಾಗಿ 145ರಿಂದ 150 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ ಈ ಪೀಠ ಬೇಕಾಗುತ್ತದೆ.

ಆಸನವನ್ನು ಕೊಂಡುತಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಾರಿಗೆ ಭದ್ರವಾಗಿ ಕಟ್ಟದ ಆಸನ ಡಿಕ್ಕಿಯ ಗಳಿಗೆಯಲ್ಲಿ ಮಗುವಿನೊಡನೆ ತಾನೂ ಮುಂದಕ್ಕೆ ಹಾರುತ್ತದೆ. ಕಟ್ಟುವ ವಿಧಾನಗಳು ಮುಖ್ಯವಾಗಿ ಎರಡು.

ಮೊದಲನೆಯದು, ಕಾರಿನ ಸೀಟುಬೆಲ್ಟಿನಿಂದಲೇ ಕಟ್ಟುವುದು. ಪಟ್ಟಿ ಹಾಯಬೇಕಾದ ದಾರಿಯನ್ನು ಆಸನದ ಮೇಲೆ ಬಣ್ಣದಿಂದ ಗುರುತಿಸಿರುತ್ತಾರೆ. ಹಿಮ್ಮುಖದ ದಾರಿ ಬೇರೆ, ಮುಮ್ಮುಖದ ದಾರಿ ಬೇರೆ. ಪಟ್ಟಿಯನ್ನು ಮುರಿಯಾಗದಂತೆ ಹಾಯಿಸಿ, ಬಕಲನ್ನು 'ಟಕ್' ಎಂದು ಸದ್ದಾಗುವಂತೆ ಕೂಡಿಸಿ, ಆಸನವನ್ನು ಅಂಗೈಯಿಂದ ಬಲವಾಗಿ ಅದುಮುತ್ತ ಪಟ್ಟಿಯ ಸಡಿಲವನ್ನೆಲ್ಲ ಎಳೆದು ತೆಗೆಯಬೇಕು. ಅನೇಕ ಕಾರುಗಳ ಪಟ್ಟಿ ಜಗ್ಗಿದಾಗ ಮಾತ್ರ ಬಿಗಿಯುತ್ತದೆ, ಉಳಿದಂತೆ ಮೆಲ್ಲನೆ ಸಡಿಲಗೊಳ್ಳುತ್ತದೆ. ಅದನ್ನು ಹಿಡಿದಿಡಲು ಆಸನದಲ್ಲಿ ಕ್ಲಿಪ್ಪಿದ್ದರೆ ಅದನ್ನು ಹಾಕಲು ಮರೆಯಬಾರದು.

ಎರಡನೆಯದು, ಐಸೋಫಿಕ್ಸ್ ವಿಧಾನ. ಇದರ ಅಂತರರಾಷ್ಟ್ರೀಯ ಮಾನಕವು 1999ರಲ್ಲಿ ಪ್ರಕಟವಾಯಿತು. ಕಾರಿನ ಆಸನದ ಬೆನ್ನೂ ತಳವೂ ಸೇರುವ ಸಂದಿನಲ್ಲಿ 28 ಸೆಂಟಿಮೀಟರ್ ಅಂತರದಲ್ಲಿ ಎರಡು ಉಕ್ಕಿನ ಕೊಂಡಿಗಳಿರುತ್ತವೆ. ಮಗುವಿನ ಆಸನದ ಎರಡು ತೋಳುಗಳು ಅವನ್ನು ಕಚ್ಚಿಕೊಳ್ಳುತ್ತವೆ. ಆದರೆ ಎರಡೇ ಕಡೆ ಹಿಡಿದ ವಸ್ತು ಡಿಕ್ಕಿಯಲ್ಲಿ ಮುಂದಕ್ಕೆ ಮಗುಚಬಹುದು. ಆದುದರಿಂದ ಮೂರನೆಯ ಹಿಡಿತವೊಂದು ಬೇಕು. ಕೆಲವು ಆಸನಗಳಲ್ಲಿ ಅದು ಕಾರಿನ ನೆಲಕ್ಕೆ ಊರುವ ಆಧಾರದ ಕಾಲು. ಕೆಲವುಗಳಲ್ಲಿ ಆಸನದ ನೆತ್ತಿಯಿಂದ ಹೊರಟು ಕಾರಿನಲ್ಲಿ ಗೊತ್ತುಪಡಿಸಿದ ಕೊಂಡಿಗೆ ಬಿಗಿಯುವ ಮೇಲ್ಪಟ್ಟಿ. ಅವಸರದಲ್ಲಿ ಅನೇಕರು ಇದನ್ನೇ ಮರೆತುಬಿಡುತ್ತಾರೆ.

ಒಂದು ಕಾರಿನಲ್ಲಿ ಅಲುಗಾಡದೆ ಕುಳಿತ ಆಸನ ಮತ್ತೊಂದರಲ್ಲಿಯೂ ಹಾಗೆಯೇ ಕುಳಿತುಕೊಳ್ಳುತ್ತದೆಂದು ನಂಬಬಾರದು. ಇದೇ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಸಂಗತಿ. ಸಣ್ಣ ಕಾರುಗಳಲ್ಲಿ ಹಿಂದಿನ ಆಸನದ ನಡುಭಾಗ ಕಿರಿದಾಗಿ, ಉಬ್ಬಿಕೊಂಡಿರುತ್ತದೆ. ಪಕ್ಕದ ಡಿಕ್ಕಿಗೆ ದೂರವಾದುದರಿಂದ ನಡುವಿನ ಎಡೆ ಒಳ್ಳೆಯದೇ. ಆದರೆ ಐಸೋಫಿಕ್ಸ್ ಕೊಂಡಿಗಳು ಸಾಮಾನ್ಯವಾಗಿ ಅಂಚಿನ ಎರಡು ಎಡೆಗಳಲ್ಲಿ ಮಾತ್ರ ಇರುತ್ತವೆ. ನಡುವೆ ಅಲುಗಾಡುವ ಆಸನಕ್ಕಿಂತ ಅಂಚಿನಲ್ಲಿ ಭದ್ರವಾಗಿ ಕುಳಿತ ಆಸನವೇ ಮೇಲು. ಕೆಲವು ಹಳೆಯ ಕಾರುಗಳಲ್ಲಿ ಹಿಂದಿನ ಎಡೆಗೆ ಸೊಂಟದ ಪಟ್ಟಿ ಮಾತ್ರ ಇರುತ್ತದೆ, ಇಲ್ಲವೆ ಪಟ್ಟಿಯೇ ಇರುವುದಿಲ್ಲ. ಪಟ್ಟಿಯಿಲ್ಲದ ಎಡೆಯಲ್ಲಿ ಆಸನವನ್ನಿಟ್ಟು ಹಗ್ಗದಿಂದ ಬಿಗಿಯುವುದು ರಕ್ಷಣೆಯಲ್ಲ. ಬೂಸ್ಟರಿಗೂ ಸೊಂಟದ ಪಟ್ಟಿಯೊಂದೇ ಸಾಲದು, ಭುಜದ ಪಟ್ಟಿಯೂ ಇರಬೇಕು.

ಜೀಪಿನಂತಹ ವಾಹನಗಳ ಹಿಂಭಾಗದಲ್ಲಿ ಒಂದಕ್ಕೊಂದು ಎದುರಾಗಿ ಅಡ್ಡಲಾಗಿರುವ ಆಸನಗಳುಂಟು. ಅಲ್ಲಿ ಮಗುವಿನ ಆಸನವನ್ನು ಕಟ್ಟಕೂಡದು. ಕೆಲವು ಕಾರುಗಳಲ್ಲಿ ಪ್ರಯಾಣಿಕರ ಕಾಲ ಬಳಿಯ ನೆಲದಡಿ ಸಾಮಾನಿಡುವ ಪೊಳ್ಳು ಪೆಟ್ಟಿಗೆಯಿರುತ್ತದೆ. ಆಧಾರದ ಕಾಲನ್ನು ಅದರ ಮುಚ್ಚಳದ ಮೇಲೆ ಊರಿದರೆ ಡಿಕ್ಕಿಯಲ್ಲಿ ಮುಚ್ಚಳ ಕುಸಿಯಬಹುದು. ಕಾರಿನ ಆಸನ ಹಿಂದಕ್ಕೆ ಹೆಚ್ಚು ಇಳಿಜಾರಾಗಿದ್ದರೆ ಹಿಮ್ಮುಖ ಆಸನ ನೆಟ್ಟಗೆ ನಿಂತು, ನಿದ್ರಿಸುವ ಶಿಶುವಿನ ತಲೆ ಎದೆಗೆ ಬಾಗಿ ಉಸಿರಿಗೆ ಅಡ್ಡಿಯಾಗಬಹುದು. ಆಸನದ ಪಕ್ಕದಲ್ಲಿರುವ ಗುರುತನ್ನು ನೋಡಿ ಒರಗುವ ಕೋನವನ್ನು ಸರಿಪಡಿಸಬೇಕು. ನಮ್ಮ ಬಾಡಿಗೆ ಕಾರುಗಳಲ್ಲಿ ಇನ್ನೊಂದು ತೊಂದರೆಯುಂಟು. ನುಣುಪಾದ ಸೀಟು ಕವರಿನಡಿ ಬಕಲುಗಳೂ ಕೊಂಡಿಗಳೂ ಹೂತುಹೋಗಿರುತ್ತವೆ. ಕವರನ್ನು ಸರಿಸಿ ಅವುಗಳನ್ನು ಹೊರಗೆ ತೆಗೆಯದೆ ಹೊರಡಬಾರದು.

ಎಲ್ಲಕ್ಕಿಂತ ಮುಖ್ಯವಾದ ನಿಷೇಧವೊಂದಿದೆ. ಏರ್‌ಬ್ಯಾಗು ಚಾಲೂ ಇರುವ ಮುಂದಿನ ಎಡೆಯಲ್ಲಿ ಹಿಮ್ಮುಖ ಆಸನವನ್ನು ಎಂದಿಗೂ ಇಡಬಾರದು. ದೊಡ್ಡವರನ್ನು ಕಾಪಾಡಲೆಂದು ರಭಸದಿಂದ ಉಬ್ಬುವ ಆ ಚೀಲ, ಆಸನದ ಬೆನ್ನಿಗೆ ಬಡಿದು ಶಿಶುವಿನ ಪ್ರಾಣವನ್ನೇ ತೆಗೆಯಬಲ್ಲುದು.

ಕಟ್ಟಿದ ಮೇಲೆ ಎರಡು ಪರೀಕ್ಷೆಗಳನ್ನು ಮಾಡಬೇಕು. ಪಟ್ಟಿ ಅಥವಾ ಕೊಂಡಿ ಹಿಡಿದಿರುವ ಭಾಗದ ಬಳಿ ಆಸನವನ್ನು ಹಿಡಿದು ಎಡಬಲಕ್ಕೂ ಹಿಂದುಮುಂದಕ್ಕೂ ಎಳೆದು ನೋಡಿ. ಅದು ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಅಲುಗಾಡಬಾರದು. ಎರಡನೆಯದಾಗಿ, ಮಗುವನ್ನು ಕೂರಿಸಿ ಅದರ ಪಟ್ಟಿಗಳನ್ನು ಬಿಗಿಸಿದ ಮೇಲೆ, ಭುಜದ ಬಳಿ ಪಟ್ಟಿಯನ್ನು ಎರಡು ಬೆರಳುಗಳಿಂದ ಚಿವುಟಿ ನೋಡಿ. ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕಿದರೆ ಅದು ಸಡಿಲವಾಗಿದೆಯೆಂದು ತಿಳಿಯಬೇಕು. ಹಿಮ್ಮುಖವಾಗಿ ಕುಳಿತ ಮಗುವಿಗೆ ಪಟ್ಟಿ ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಬರಬೇಕು. ಮುಮ್ಮುಖವಾಗಿ ಕುಳಿತ ಮಗುವಿಗೆ ಭುಜದ ಮಟ್ಟದಿಂದ ಅಥವಾ ತುಸು ಮೇಲಿನಿಂದ ಬರಬೇಕು. ದಪ್ಪನೆಯ ಉಣ್ಣೆಯಂಗಿಯ ಮೇಲೆ ಪಟ್ಟಿ ಕಟ್ಟಬಾರದು. ಪಟ್ಟಿ ಬಿಗಿದ ಬಳಿಕ ಮೇಲೆ ಶಾಲು ಹೊದಿಸಬಹುದು.

ತೊಟ್ಟಿಲು ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುವುದು ನಮ್ಮ ನಾಡಿನ ಚೆಲುವಾದ ರೂಢಿ. ಕಾರಿನ ಆಸನಕ್ಕೆ ಈ ರೂಢಿಯನ್ನು ಹಾಗೆಯೇ ಅನ್ವಯಿಸಲಾಗದು. ದೊಡ್ಡ ಅಪಘಾತವನ್ನು ಕಂಡ ಆಸನ ಹೊರನೋಟಕ್ಕೆ ಚೆನ್ನಾಗಿದ್ದರೂ ಒಳಗೆ ಬಿರುಕು ಬಿಟ್ಟಿರಬಹುದು. ಪೂರ್ವವೃತ್ತಾಂತ ತಿಳಿಯದ ಆಸನವನ್ನು ಬಳಸದಿರುವುದೇ ಲೇಸು.

ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ಬಿ ಪ್ರಕರಣದಂತೆ, 14 ವರ್ಷ ತುಂಬದ ಮಗುವನ್ನು ಸೀಟುಬೆಲ್ಟಿನಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದೆ ವಾಹನ ನಡೆಸಿದವರಿಗೆ 1000 ರೂಪಾಯಿ ದಂಡ ವಿಧಿಸಬಹುದು. ದ್ವಿಚಕ್ರವಾಹನದಲ್ಲಿ ಕರೆದೊಯ್ಯುವ 4 ವರ್ಷದೊಳಗಿನ ಮಕ್ಕಳಿಗೂ 2023ರ ಫೆಬ್ರವರಿಯಿಂದ ನಿಯಮಗಳು ಬಂದಿವೆ. ಮಗುವನ್ನು ಸವಾರನಿಗೆ ಸುರಕ್ಷಾಪಟ್ಟಿಯಿಂದ ಬಿಗಿದಿರಬೇಕು, 9 ತಿಂಗಳು ಮೀರಿದ ಮಗುವಿಗೆ ಹೆಲ್ಮೆಟ್ಟಿರಬೇಕು, ವೇಗ ಗಂಟೆಗೆ 40 ಕಿಲೋಮೀಟರನ್ನು ಮೀರಬಾರದು. ಆದರೆ ದಂಡದ ಭಯದಿಂದ ಕಟ್ಟಿದ ಪಟ್ಟಿ ಪೊಲೀಸಿನವರು ಮರೆಯಾದೊಡನೆ ಕಳಚಿಬೀಳುತ್ತದೆ. ಕಾರಣವನ್ನು ಅರಿತು ಕಟ್ಟಿದ ಪಟ್ಟಿ ಹಾಗಲ್ಲ.

ಮತ್ತೆ ಆ ಮದುವೆಯ ಕಾರಿನ ಬಳಿಗೆ ಹೋಗೋಣ. ಅಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನೋ ವಿದ್ಯಾರ್ಥಿನಿಯೊಬ್ಬಳೋ ಇದ್ದರೆ ಪಯಣದ ಆರಂಭ ಬೇರೆಯಾದೀತು. ಕಾರಿನ ಕೈಪಿಡಿಯನ್ನೂ ಆಸನದ ಕೈಪಿಡಿಯನ್ನೂ ಓದಿ ಹಿರಿಯರಿಗೆ ವಿವರಿಸುವುದು, ಕವರಿನಡಿಯ ಬಕಲನ್ನು ಹುಡುಕಿ ತೆಗೆಯುವುದು, ಆಸನವನ್ನು ಎಳೆದು ನೋಡುವುದು, ಇವೆಲ್ಲ ನಿಮ್ಮ ವಯಸ್ಸಿನವರಿಗೆ ಸಾಧ್ಯವಾದ ಕೆಲಸಗಳೇ. ಅಜ್ಜಿ ಮೊದಲು ಒಪ್ಪದಿರಬಹುದು. "ಮಗುವನ್ನು ಕಟ್ಟಿಹಾಕುತ್ತೀರಾ?" ಎಂದು ನೊಂದುಕೊಳ್ಳಬಹುದು. ಆಗ ವಾದಕ್ಕಿಳಿಯದೆ, ಎರಡು ಅಕ್ಕಿಮೂಟೆಗಳ ಲೆಕ್ಕವನ್ನು ಆಕೆಗೆ ತಾಳ್ಮೆಯಿಂದ ತಿಳಿಸಿ ಹೇಳಿ. ಆಕೆಯನ್ನು ಮಗುವಿನ ಪಕ್ಕದಲ್ಲಿಯೇ ಕೂರಿಸಿ ಆಕೆಯ ಪಟ್ಟಿಯನ್ನೂ ಬಿಗಿಯಿರಿ. ಮಗು ಆಕೆಯ ಬೆರಳನ್ನು ಹಿಡಿದುಕೊಂಡೇ ದಾರಿಯುದ್ದಕ್ಕೂ ನಿದ್ರಿಸಲಿ. ಊರು ತಲುಪಿ ಕಾರು ನಿಂತ ಮೇಲೆ ಅಜ್ಜಿಯ ಮಡಿಲು ಇದ್ದೇ ಇದೆ.

ಅಭ್ಯಾಸ

1. ಓಡುವ ಕಾರಿನಲ್ಲಿ ಮಡಿಲು ಮಗುವಿಗೆ ಭದ್ರವಾದ ಎಡೆಯಲ್ಲ ಎಂಬುದನ್ನು ಗತಿನಿಯಮದ ಆಧಾರದಿಂದ ವಿವರಿಸಿರಿ.
2. ಪಾಠದಲ್ಲಿರುವ ಕಾರು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದ್ದು ಅಷ್ಟೇ ಕಾಲದಲ್ಲಿ ನಿಂತರೆ ಮಗುವನ್ನು ತಡೆಯಲು ಎಷ್ಟು ಬಲ ಬೇಕು? ಲೆಕ್ಕ ಮಾಡಿರಿ.
3. ಹಿಮ್ಮುಖ ಆಸನವು ಎಳೆಯ ಮಗುವಿನ ಕತ್ತನ್ನು ಹೇಗೆ ಕಾಪಾಡುತ್ತದೆ?
4. ಒಂದೇ ಆಸನವನ್ನು ಬೇರೆ ಬೇರೆ ವಾಹನಗಳಲ್ಲಿ ಕಟ್ಟುವಾಗ ಗಮನಿಸಬೇಕಾದ ನಾಲ್ಕು ಅಂಶಗಳನ್ನು ಬರೆಯಿರಿ.
5. "ಕಾರಣವನ್ನು ಅರಿತು ಕಟ್ಟಿದ ಪಟ್ಟಿ ಹಾಗಲ್ಲ." ಈ ಮಾತಿನ ಸಂದರ್ಭ ಮತ್ತು ಸ್ವಾರಸ್ಯವನ್ನು ವಿವರಿಸಿರಿ.