ಪಲ್ಪಿಂಗ್ ಕಾಲದ ಹಳ್ಳ: ನೀರು ಕೆಟ್ಟದ್ದನ್ನು ತಿಳಿಯುವ ಬಗೆ

ಹೊಳೆ ಕೆರೆಗಳು ಮಲಿನವಾಗುತ್ತಿವೆ ಎಂಬ ಮಾತು ಬಂದಾಗ ನಮ್ಮ ಬೆಳೆಗಾರರ ಬೆರಳು ಸಾಮಾನ್ಯವಾಗಿ ಪೇಟೆಯ ಕಡೆಗೆ ತಿರುಗುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಬಂತು. 2017ರಲ್ಲಿ ಆ ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದ ವರ್ಷಗಳಲ್ಲಿ ಮಳೆಗಾಲದ ಭದ್ರೆ ಹೊತ್ತು ತರುತ್ತಿದ್ದ ಹೂಳಿನ ವಿಚಾರ ನಮ್ಮಲ್ಲಿ ಹಲವರಿಗೆ ನೆನಪಿದೆ. ಸುಪ್ರೀಂ ಕೋರ್ಟಿನ ಆದೇಶದಂತೆ ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆದರೆ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಏಳುವ ಹುಳಿ ವಾಸನೆಗೆ ಪೇಟೆಯೂ ಕಾರಣವಲ್ಲ, ಗಣಿಯೂ ಕಾರಣವಲ್ಲ. ಅದು ನಮ್ಮ ಪಲ್ಪರಿನಿಂದ ಬಂದದ್ದು.

"ಹಣ್ಣು ತೊಳೆದ ನೀರು ತಾನೇ, ಅದರಲ್ಲಿ ವಿಷವೇನಿದೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಪಲ್ಪಿಂಗ್ ನೀರಿನಲ್ಲಿ ಇರುವುದು ಮುಖ್ಯವಾಗಿ ಹಣ್ಣಿನ ಸಕ್ಕರೆ, ಬೀಜಕ್ಕೆ ಅಂಟಿದ ಲೋಳೆ, ಸಿಪ್ಪೆಯ ಚೂರು. ಇವು ವಿಷವಲ್ಲ, ಆಹಾರ. ತೊಂದರೆ ಇರುವುದೂ ಅಲ್ಲಿಯೇ. ಈ ಆಹಾರವನ್ನು ತಿನ್ನಲು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಹುಟ್ಟಿಕೊಳ್ಳುತ್ತವೆ. ತಿನ್ನುವಾಗ ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನು, ಏಡಿ, ಹುಳುಗಳೆಲ್ಲ ಉಸಿರಾಡುವುದು ಅದೇ ಆಮ್ಲಜನಕದಿಂದ. ಅಂದರೆ ನಮ್ಮ ನೀರು ಹಳ್ಳಕ್ಕೆ ವಿಷ ಉಣಿಸುವುದಿಲ್ಲ, ಅದರ ಉಸಿರು ಕಟ್ಟಿಸುತ್ತದೆ.

ಇದನ್ನು ಲೆಕ್ಕ ಹಾಕಿಯೇ ನೋಡೋಣ. ಒಂದು ಲೀಟರ್ ಕೊಳೆ ನೀರನ್ನು ಸೂಕ್ಷ್ಮಜೀವಿಗಳು ಜೀರ್ಣಿಸಲು ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಕು ಎಂಬುದಕ್ಕೆ ಬಿ.ಓ.ಡಿ. ಎಂದು ಹೆಸರು. ನಮ್ಮ ದೇಶದಲ್ಲಿ ಇದನ್ನು 27 ಡಿಗ್ರಿ ಉಷ್ಣತೆಯಲ್ಲಿ 3 ದಿನ ಇಟ್ಟು ಅಳೆಯುತ್ತಾರೆ. ಮನೆಯ ಬಚ್ಚಲು, ಪಾಯಿಖಾನೆಗಳ ನೀರಿನಲ್ಲಿ ಇದು ಸುಮಾರು 200ರಿಂದ 300. ಪಲ್ಪಿಂಗ್ ನೀರಿನಲ್ಲಿ ಕೆಲವು ಸಾವಿರ. 5,000 ಎಂದೇ ಇಟ್ಟುಕೊಳ್ಳೋಣ. 25 ಡಿಗ್ರಿ ಉಷ್ಣತೆಯ ಒಳ್ಳೆಯ ಹಳ್ಳದ ನೀರು ಲೀಟರಿಗೆ ಹೆಚ್ಚೆಂದರೆ 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾದರೆ ಒಂದು ಲೀಟರ್ ಪಲ್ಪಿಂಗ್ ನೀರು 625 ಲೀಟರ್ ಹಳ್ಳದ ನೀರಿನ ಉಸಿರನ್ನು ಪೂರ್ತಿ ಕುಡಿದುಬಿಡಬಲ್ಲದು. 200 ಲೀಟರಿನ ಒಂದು ಡ್ರಮ್ಮಿಗೆ ಒಂದು ಲಕ್ಷ ಇಪ್ಪತ್ತೈದು ಸಾವಿರ ಲೀಟರ್! ಹಳ್ಳ ಬಂಡೆಗಳ ಮೇಲೆ ಧುಮುಕುವಾಗ ಗಾಳಿಯಿಂದ ಹೊಸ ಆಮ್ಲಜನಕ ಪಡೆಯುತ್ತದೆಂಬುದು ನಿಜ. ಆದರೆ ನಾವು ಪಲ್ಪರ್ ನಡೆಸುವುದು ಜುಲೈಯಲ್ಲಲ್ಲ, ಹಳ್ಳ ಸೊರಗಿ ಕಲ್ಲುಗಳ ಸಂದಿಯಲ್ಲಿ ತೆವಳುವ ಜನವರಿಯಲ್ಲಿ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ. ಪಲ್ಪರಿನ ಚರಂಡಿ ಹಳ್ಳಕ್ಕೆ ಸೇರುವ ಜಾಗದಲ್ಲಿ ನಿಂತು ನೋಡಿದರೆ ನೀರು ಅಷ್ಟೇನೂ ಕೆಟ್ಟಂತೆ ಕಾಣದು. ಸೂಕ್ಷ್ಮಜೀವಿಗಳು ಹೆಚ್ಚಲು ಹೊತ್ತು ಬೇಕು. ಅಷ್ಟರಲ್ಲಿ ನೀರು ಮುಂದೆ ಹೋಗಿರುತ್ತದೆ. ಆಮ್ಲಜನಕ ತೀರಾ ತಗ್ಗುವುದು ಕೆಳಗಿನ ತಿರುವಿನಲ್ಲಿ, ನೀರು ನಿಧಾನವಾಗಿ ನಿಲ್ಲುವ ಗುಂಡಿಯಲ್ಲಿ. ಅದು ನಮ್ಮ ತೋಟವಲ್ಲ, ಪಕ್ಕದವರದ್ದು. ಅಲ್ಲಿ ದನ ನೀರು ಕುಡಿಯುತ್ತದೆ, ಕೂಲಿ ಲೈನಿನ ಹೆಂಗಸರು ಬಟ್ಟೆ ಒಗೆಯುತ್ತಾರೆ, ಹಳ್ಳದ ಅಂಚಿನ ಬಾವಿಯಿಂದ ಬಿಂದಿಗೆ ತುಂಬುತ್ತಾರೆ. ಅದೇ ರೀತಿ ಮೇಲಿನ ತೋಟದವರ ನೀರು ನಮ್ಮ ಗುಂಡಿಗೆ ಬಂದು ಕೊಳೆಯುತ್ತದೆ. ಮಾರ್ಚಿಯಲ್ಲಿ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕಲು ಹೊರಟಾಗ ಫುಟ್‌ವಾಲ್ವ್ ಲೋಳೆ ಕಟ್ಟಿಕೊಂಡದ್ದನ್ನು ಕಂಡು ಬೈದುಕೊಳ್ಳುವವರೂ ನಾವೇ.

ಅಡಿಕೆಯವರು ಈ ವಿಷಯದಲ್ಲಿ ಪೂರ್ತಿ ನಿರಪರಾಧಿಗಳಲ್ಲ. ಸುಲಿದ ಸಿಪ್ಪೆಯನ್ನು ರಸ್ತೆಯ ಬದಿಗೆ, ಹಳ್ಳದ ದಂಡೆಗೆ ಸುರಿಯುವ ಪದ್ಧತಿ ಹೆಚ್ಚುತ್ತಿದೆ. ಒಂದು ಮಳೆ ಬಿದ್ದರೆ ಅದರಿಂದ ಕಪ್ಪು ರಸ ಇಳಿಯುತ್ತದೆ. ಬೇಯಿಸಿದ ಹಂಡೆಯ ಚೊಗರನ್ನು ಬಣ್ಣಕ್ಕೆ ಇಟ್ಟುಕೊಂಡು ಉಳಿದುದನ್ನು ಚರಂಡಿಗೆ ಚೆಲ್ಲುವವರೂ ಇದ್ದಾರೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ಕಥೆ ಬೇರೆ. ಅದರಲ್ಲಿರುವ ತಾಮ್ರ ಮೀನಿಗೆ ನಿಜವಾದ ವಿಷ, ಅದೂ ಬಹಳ ಸ್ವಲ್ಪ ಪ್ರಮಾಣದಲ್ಲಿಯೇ. ಮೈಲುತುತ್ತ ಕರಗಿಸಿದ ಪಾತ್ರೆಯನ್ನೂ ಸ್ಪ್ರೇ ಪಂಪನ್ನೂ ಹಳ್ಳದಲ್ಲಿ ಅದ್ದಿ ತೊಳೆಯುವುದನ್ನು ಇಂದೇ ಬಿಡಬೇಕು. ತೊಳೆದ ನೀರನ್ನು ಮುಂದಿನ ದ್ರಾವಣ ಕಲಸಲು ಬಳಸಿದರೆ ಯಾವ ನಷ್ಟವೂ ಇಲ್ಲ.

ಇನ್ನು ನೀರು ಕೆಟ್ಟಿದೆಯೆಂದು ತಿಳಿಯುವ ಬಗೆ. ಪ್ರಯೋಗಾಲಯಕ್ಕೆ ಸೀಸೆ ಕಳಿಸುವುದು ಒಳ್ಳೆಯದೇ. ಆದರೆ ಆ ಸೀಸೆ ಅದನ್ನು ತುಂಬಿದ ಗಳಿಗೆಯ ನೀರಿನ ವಿಚಾರವನ್ನು ಮಾತ್ರ ಹೇಳುತ್ತದೆ. ರಾತ್ರಿ ಯಾರೋ ತೊಟ್ಟಿ ಬಿಟ್ಟು ಬೆಳಗ್ಗೆ ಹಳ್ಳ ತಿಳಿಯಾಗಿದ್ದರೆ ಸೀಸೆಗೆ ಅದು ಗೊತ್ತಾಗದು. ಕಲ್ಲಿನ ಅಡಿಯಲ್ಲಿ ತಿಂಗಳುಗಟ್ಟಲೆ ಬಾಳುವ ಹುಳುಗಳಿಗೆ ಗೊತ್ತಾಗುತ್ತದೆ. ಬೋರ್ಡೊ ಹದವಾಗಿದೆಯೇ ಎಂದು ಕತ್ತಿಯ ಅಲಗು ಅದ್ದಿ ನೋಡುವ ನಮಗೆ ಕಲ್ಲು ಮಗುಚಿ ನೀರಿನ ಹದ ನೋಡುವುದು ಕಷ್ಟವಾಗದು.

ಮೊಳಕಾಲುದ್ದದ ನೀರು ಕಲ್ಲುಗಳ ಮೇಲೆ ಜುಳುಜುಳು ಹರಿಯುವ ಎರಡು ಜಾಗ ಆರಿಸಿ: ಒಂದು ಚರಂಡಿ ಸೇರುವಲ್ಲಿಂದ ಮೇಲೆ, ಇನ್ನೊಂದು ಕೆಳಗೆ. ಎರಡೂ ಕಡೆ ಹತ್ತು ಹತ್ತು ಕಲ್ಲು ಎತ್ತಿ, ಅಡಿಭಾಗವನ್ನು ಬಿಳಿ ಪಿಂಗಾಣಿ ತಟ್ಟೆಯಲ್ಲಿ ತೊಳೆದು ನೋಡಿ. ಚಪ್ಪಟೆ ಮೈಯ, ಹಿಂದೆ ಮೂರು ಎಳೆಬಾಲಗಳಿರುವ, ಹೊಟ್ಟೆಯ ಎರಡು ಬದಿಗೂ ಗರಿಯಂಥ ಕಿವಿರು ಅಲ್ಲಾಡಿಸುವ ಹುಳು ಸಿಕ್ಕಿದರೆ ಸಂತೋಷಪಡಿ. ಎರಡೇ ಬಾಲದ, ಸ್ವಲ್ಪ ದಪ್ಪ ಕಾಲಿನ ಹುಳು ಸಿಕ್ಕಿದರೆ ಇನ್ನೂ ಸಂತೋಷ. ಆಮ್ಲಜನಕ ಒಂದಿಷ್ಟು ಕಡಿಮೆಯಾದರೂ ಮೊದಲು ಕಾಣೆಯಾಗುವುದು ಅದೇ. ಮರಳಿನ ಕಣ, ಕಡ್ಡಿಚೂರು ಅಂಟಿಸಿ ಪುಟ್ಟ ಕೊಳವೆಯಂಥ ಮನೆ ಕಟ್ಟಿಕೊಂಡು ಕಲ್ಲಿಗೆ ಅಂಟಿರುವ ಹುಳುವೂ ಹೆಚ್ಚಾಗಿ ಒಳ್ಳೆಯ ನೀರಿನದೇ. ಏಡಿ, ಏರೋಪ್ಲೇನ್ ಚಿಟ್ಟೆಯ ಮರಿ ಇವು ಸಾಧಾರಣ ನೀರಿನಲ್ಲಿಯೂ ಬದುಕಿಕೊಳ್ಳುತ್ತವೆ.

ಕೆಳಗಿನ ಜಾಗದಲ್ಲಿ ಇವು ಯಾವುವೂ ಇಲ್ಲದೆ ಕೆಸರಿನಲ್ಲಿ ನೆತ್ತರು ಬಣ್ಣದ ಸಣ್ಣ ಹುಳುಗಳು ಮಾತ್ರ ಹೊರಳಾಡುತ್ತಿದ್ದರೆ ಆ ನೀರಿನ ಉಸಿರು ನಿಂತಿದೆ ಎಂದು ತಿಳಿಯಬೇಕು. ಆ ಹುಳುವಿನ ಕೆಂಪು ಬಣ್ಣ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ನಿನದು. ಅದರ ಬಲದಿಂದಲೇ ಅದು ಅಷ್ಟು ಕಡಿಮೆ ಆಮ್ಲಜನಕದಲ್ಲಿ ಜೀವ ಹಿಡಿದಿರುತ್ತದೆ. ಕಲ್ಲುಗಳ ಮೇಲೆ ಒದ್ದೆ ಹತ್ತಿಯಂಥ ಬೂದು ಬಿಳಿ ಲೋಳೆ ಬಾಲಬಾಲವಾಗಿ ತೂಗಾಡುವುದು, ಕಲ್ಲಿನ ಅಡಿ ಕಪ್ಪಗಾಗಿರುವುದು, ಕೆಸರು ಕೆದಕಿದರೆ ಕೊಳೆತ ಮೊಟ್ಟೆಯ ನಾತ ಬರುವುದು ಇವೆಲ್ಲ ಅದೇ ಮಾತನ್ನು ಹೇಳುತ್ತವೆ. ಬಣ್ಣವೊಂದನ್ನೇ ನಂಬಬಾರದು. ಮೊದಲ ಮಳೆಯ ಕೆಂಪು ನೀರು ನಾಲ್ಕು ದಿನದಲ್ಲಿ ತಿಳಿಯಾದೀತು. ಕನ್ನಡಿಯಂತಿರುವ ನೀರಿನಲ್ಲಿ ಪಾಯಿಖಾನೆಯ ರೋಗಾಣು ಇದ್ದೀತು. ಹುಳುಗಳ ಪರೀಕ್ಷೆಯೂ ಆ ರೋಗಾಣುವನ್ನು ತೋರಿಸಿಕೊಡದು, ಆದ್ದರಿಂದ ಕುಡಿಯುವ ನೀರನ್ನು ಕುದಿಸಲೇಬೇಕು.

ತೋಟದ ಕೆರೆಯಲ್ಲಿ ಗುರುತು ಬೇರೆ. ಗೊಬ್ಬರ ಹಾಕಿದ ಮೇಲೆ ಜಡಿಮಳೆ ಬಂದು ಸಾರಜನಕ, ರಂಜಕಗಳು ಕೆರೆಗೆ ತೊಳೆದುಹೋದರೆ ನೀರು ಹಸಿರು ಬಣ್ಣಕ್ಕೆ ತಿರುಗುತ್ತದೆ. ಹಗಲು ಬಿಸಿಲಿನಲ್ಲಿ ಆ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಹೀರಿಕೊಳ್ಳುತ್ತದೆ. ಹಾಗಾಗಿ ಕೆರೆಯನ್ನು ಮಧ್ಯಾಹ್ನ ನೋಡಿ ಪ್ರಯೋಜನವಿಲ್ಲ. ಬೆಳಗಿನ ಜಾವ ಹೋಗಿ ನೋಡಿ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಕೆರೆ ಕೆಟ್ಟಿದೆ.

ಕಾನೂನಿನ ಮಾತು ಎರಡೇ ಸಾಲು. ಜಲಮಾಲಿನ್ಯ ತಡೆ ಕಾಯಿದೆ ಬಂದದ್ದು 1974ರಲ್ಲಿ. ಹೊಳೆಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಬಿ.ಓ.ಡಿ. 30. ನಮ್ಮ ಸಾವಿರಗಳೆಲ್ಲಿ, ಆ ಮೂವತ್ತೆಲ್ಲಿ! ಆದ್ದರಿಂದ ಸಣ್ಣ ಬೆಳೆಗಾರನಿಗೆ ಇರುವ ದಾರಿ ನೀರನ್ನು ಶುದ್ಧಿಮಾಡಿ ಹಳ್ಳಕ್ಕೆ ಬಿಡುವುದಲ್ಲ, ಹಳ್ಳಕ್ಕೆ ಬಿಡದೇ ಇರುವುದು.

ರೊಬಸ್ಟಾ ಇದ್ದವರು ಚೆರಿಯಾಗಿ ಒಣಗಿಸಿದರೆ ಈ ತಾಪತ್ರಯವೇ ಇಲ್ಲ. ಅರೇಬಿಕಾ ಪಾರ್ಚ್‌ಮೆಂಟ್ ಮಾಡಲೇಬೇಕೆನ್ನುವವರು ಮೊದಲು ಸಿಪ್ಪೆಯನ್ನು ನೀರಿನಲ್ಲಿ ತೇಲಿಸಿ ಸಾಗಿಸುವುದನ್ನು ಬಿಟ್ಟು ಬುಟ್ಟಿಯಲ್ಲಿ ಗೊಬ್ಬರದ ಗುಂಡಿಗೆ ಹೊರಿಸಬೇಕು. ಸಿಪ್ಪೆ ನೀರಿನಲ್ಲಿ ನೆನೆದಷ್ಟೂ ಅದರ ಸಕ್ಕರೆ ನೀರಿಗಿಳಿಯುತ್ತದೆ. ಪಲ್ಪರಿಗೆ ಅದೇ ನೀರನ್ನು ತಿರುಗಿ ಬಳಸುವುದೂ ಒಳ್ಳೆಯದು. ಇದರಿಂದ ಕೊಳೆಯ ಒಟ್ಟು ಮೊತ್ತ ತಗ್ಗುತ್ತದೆಂದು ಭ್ರಮಿಸಬೇಡಿ, ನೀರು ಗಟ್ಟಿಯಾಗುತ್ತದೆ ಅಷ್ಟೆ. ಆದರೆ ತೋಡಬೇಕಾದ ಹೊಂಡ ಚಿಕ್ಕದಾಗುತ್ತದೆ, ನಮ್ಮಂಥ ಸಣ್ಣವರಿಗೆ ಅದೇ ದೊಡ್ಡ ಉಳಿತಾಯ.

ಹೊಂಡವನ್ನು ಬಾವಿಯಿಂದಲೂ ಹಳ್ಳದಿಂದಲೂ ದೂರ ತೋಡಿ ಜೇಡಿಮಣ್ಣು ಮೆತ್ತಬೇಕು, ಇಲ್ಲವೇ ದಪ್ಪ ಪ್ಲಾಸ್ಟಿಕ್ ಹಾಸಬೇಕು. ಹುಳಿ ಮುರಿಯಲು ಸುಣ್ಣದ ತಿಳಿ ಸುರಿಯುವಾಗ ನೀರು ಒಮ್ಮೆಗೇ ಕಪ್ಪು ಹಸಿರಾಗುತ್ತದೆ. ಅದನ್ನು ಕಂಡು ಗಾಬರಿಯಾಗಿ ಕಟ್ಟೆ ಒಡೆದು ಬಿಡುವುದು ಬೇಡ. ಕಾಫಿ ಹಣ್ಣಿನ ರಸದ ಗುಣವೇ ಅದು. ಹೊಂಡದ ನೀರು ಬಿಸಿಲಿಗೆ ಆರಿ, ಅಡಿಯ ಗಸಿ ಏಪ್ರಿಲಿನೊಳಗೆ ಗೊಬ್ಬರದ ಗುಂಡಿಗೆ ಸೇರಬೇಕು. ಇಲ್ಲವಾದರೆ ಮುಂಗಾರಿನಲ್ಲಿ ಹೊಂಡ ತುಂಬಿ ಉಕ್ಕಿ, ಅಷ್ಟೂ ಹಳ್ಳಕ್ಕೇ ಹೋಗುತ್ತದೆ.